ಹಿಂದಿನ ಬೆಂಚಿಗೊಂದು ಶಾಬಾಸ್

'ಶಾಬಾಸ್' ಎಂಬ ಮಾತು ನಮ್ಮಲ್ಲಿ ಎಷ್ಟು ಹಾಸುಹೊಕ್ಕಾಗಿದೆಯೆಂದರೆ ಅದು ಹೊರಗಿನಿಂದ ಬಂದ ಪದವೆಂಬುದೇ ನಮಗೆ ಮರೆತುಹೋಗಿದೆ. ಕಬಡ್ಡಿಯ ಅಂಗಳದಲ್ಲಿ, ಗದ್ದೆಯ ಬದುವಿನ ಮೇಲೆ, ನಾಟಕದ ಚಪ್ಪರದಲ್ಲಿ, ಶಾಲೆಯ ಕೋಣೆಯಲ್ಲಿ ಎಲ್ಲೆಡೆಯೂ ಅದು ಕೇಳಿಸುತ್ತದೆ. 'ಶಾಬಾಸ್‌ಗಿರಿ' ಎಂದು ಅದಕ್ಕೊಂದು ಬಾಲವನ್ನೂ ಅಂಟಿಸಿಕೊಂಡಿದ್ದೇವೆ. ಪಾರಸಿಯ 'ಶಾದ್ ಬಾಶ್' ಎಂಬುದು ಅದರ ಮೂಲ. 'ಸಂತೋಷವಾಗಿರು' ಎಂದಷ್ಟೇ ಅದರ ಅರ್ಥ. ನೀನು ಜಾಣನೆಂದಾಗಲಿ, ನೀನು ಗೆದ್ದೆಯೆಂದಾಗಲಿ ಆ ಪದದಲ್ಲಿ ಎಲ್ಲಿಯೂ ಇಲ್ಲ. ಹುಟ್ಟಿನಲ್ಲಿ ಅದೊಂದು ಹಾರೈಕೆ. ಕಾಲಾಂತರದಲ್ಲಿ ನಾವು ಅದನ್ನು ಬಹುಮಾನವಾಗಿ ಮಾಡಿಕೊಂಡೆವು. ಹಾರೈಕೆಗೆ ಅರ್ಹತೆ ಬೇಡ, ಬಹುಮಾನಕ್ಕೆ ಬೇಕು. ನಮ್ಮ ಶಾಲೆಗಳಲ್ಲಿ ಈಗ ಉಳಿದಿರುವುದು ಬಹುಮಾನದ ಶಾಬಾಸ್ ಮಾತ್ರ.

ನಂಜನಗೂಡು, ಟಿ. ನರಸೀಪುರದಂಥ ತಾಲ್ಲೂಕು ಕೇಂದ್ರಗಳಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ನಂತರದ ಒಂದೆರಡು ತಿಂಗಳು ಪ್ರತಿಭಾ ಪುರಸ್ಕಾರದ ಕಾಲ. ಒಂದೊಂದು ಜಾತಿಯ ಸಂಘ, ಜಮಾಅತ್, ಸಹಕಾರಿ ಬ್ಯಾಂಕು, ಯುವಕ ಸಂಘ ತಮ್ಮ ತಮ್ಮ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತವೆ, ನೆನಪಿನ ಕಾಣಿಕೆ ಕೊಡುತ್ತವೆ. ವೃತ್ತದಲ್ಲಿ ಫ್ಲೆಕ್ಸ್ ಏಳುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಓದಿದ ಮಗುವಿಗೆ ಊರು ಸಂತೋಷ ಹೇಳುವುದು ಒಳ್ಳೆಯದೇ. ಆದರೆ ಆ ಸಭಾಂಗಣದ ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟಲು ಕುಳಿತ ಮಕ್ಕಳ ಮುಖವನ್ನು ಯಾರಾದರೂ ನೋಡಿದ್ದೀರಾ? ಅವರಲ್ಲಿ ನಲವತ್ತು ಅಂಕ ತೆಗೆಯಲು ತೊಂಬತ್ತರವನಿಗಿಂತ ಹೆಚ್ಚು ಕಷ್ಟಪಟ್ಟವರೂ ಇರುತ್ತಾರೆ. ಹತ್ತು ವರ್ಷ ಶಾಲೆಗೆ ಬಂದರೂ ಒಮ್ಮೆಯೂ ಯಾರಿಂದಲೂ 'ಸಂತೋಷವಾಗಿರು' ಎನ್ನಿಸಿಕೊಳ್ಳದ ಮಗು ಒಂದಾದರೂ ಅಲ್ಲಿರುತ್ತದೆ. ಆ ಮಗುವಿಗೆ ಶಾಲೆ ಏನನ್ನು ಕಲಿಸಿತು?

ಶಾಬಾಸ್‌ನ ಎದುರು ದಿಕ್ಕಿನ ಮಾತೂ ನಮ್ಮಲ್ಲಿದೆ. 'ದನ ಕಾಯೋಕೆ ಹೋಗು' ಎಂಬುದು ಈ ಭಾಗದ ಮೇಷ್ಟ್ರುಗಳ ಬಾಯಲ್ಲಿ ತಲೆಮಾರುಗಳಿಂದ ಉಳಿದು ಬಂದ ಬೈಗುಳ. ಈ ಬೈಗುಳದಲ್ಲಿ ಎರಡು ಅವಮಾನಗಳಿವೆ. ಒಂದು, ಎದುರಿಗೆ ನಿಂತ ಹುಡುಗನಿಗೆ. ಇನ್ನೊಂದು, ಬೆಳಿಗ್ಗೆ ಎದ್ದು ನಿಜವಾಗಿಯೂ ದನ ಹೊಡೆದುಕೊಂಡು ಹೋದ ಅವನ ಅಪ್ಪನಿಗೆ. ಮನೆಯವರು ಮಾಡುವ ಕೆಲಸವೇ ಶಾಲೆಯಲ್ಲಿ ಬೈಗುಳವಾಗಿ ಕೇಳಿಬಂದರೆ ಮಗು ಯಾರ ಪರ ನಿಲ್ಲಬೇಕು? ಒಂದೋ ಅದು ಶಾಲೆಯನ್ನು ದ್ವೇಷಿಸುತ್ತದೆ, ಇಲ್ಲವೇ ಅಪ್ಪನನ್ನು ಕುರಿತು ನಾಚಿಕೊಳ್ಳಲು ಕಲಿಯುತ್ತದೆ. ಎರಡನೆಯದು ಹೆಚ್ಚು ಅಪಾಯದ್ದೆಂದು ನನಗನಿಸುತ್ತದೆ.

ದನ ಕಾಯುತ್ತಿದ್ದ ಒಬ್ಬ ಹುಡುಗನ ಕಥೆ ಈ ಭಾಗದವರಿಗೆಲ್ಲ ಗೊತ್ತು. ವರುಣ ಹೋಬಳಿಯ ಸಿದ್ದರಾಮನಹುಂಡಿಯ ಸಿದ್ದರಾಮಯ್ಯ ಹತ್ತು ವರ್ಷದವರೆಗೆ ಕ್ರಮವಾಗಿ ಶಾಲೆಗೆ ಹೋದವರಲ್ಲ. ದನ ಕಾಯುತ್ತ, ವೀರಮಕ್ಕಳ ಕುಣಿತ ಕಲಿಯುತ್ತ ಇದ್ದವರು. ಅಕ್ಷರ ಕಲಿತದ್ದು ಆ ಕುಣಿತದ ಗುರುವಿನಿಂದ, ಮರಳಿನ ಮೇಲೆ ಬೆರಳಾಡಿಸಿ. ರಾಜಪ್ಪ ಎಂಬ ಮೇಷ್ಟ್ರು ಈ ಹುಡುಗನನ್ನು ಕಂಡು ನೇರವಾಗಿ ಐದನೇ ತರಗತಿಗೆ ಸೇರಿಸಿಕೊಂಡರು. ಅದನ್ನು ಸಿದ್ದರಾಮಯ್ಯನವರೇ ವೇದಿಕೆಗಳ ಮೇಲೆ ಹಲವು ಸಲ ನೆನೆದಿದ್ದಾರೆ. ಆ ಹುಡುಗ ಮುಂದೆ 2013ರಲ್ಲಿ ರಾಜ್ಯದ ಮುಖ್ಯಮಂತ್ರಿಯಾದರು, 2023ರಲ್ಲಿ ಎರಡನೇ ಬಾರಿಯೂ ಆದರು. ರಾಜಕೀಯವಾಗಿ ಅವರನ್ನು ಮೆಚ್ಚುವವರೂ ಮೆಚ್ಚದವರೂ ಇದ್ದಾರೆ. ಅದು ಇಲ್ಲಿಯ ಮಾತಲ್ಲ. ನನ್ನ ಆಸಕ್ತಿ ಇರುವುದು ರಾಜಪ್ಪ ಮೇಷ್ಟ್ರು ಆ ದಿನ ಮಾಡಿದ ಕೆಲಸದಲ್ಲಿ.

ಅವರು ಹುಡುಗನ ತಲೆ ಸವರಿ 'ಪಾಪ' ಎಂದು ಸುಮ್ಮನಾಗಲಿಲ್ಲ. ಒಂದನೇ ತರಗತಿಯ ಪುಟ್ಟ ಮಕ್ಕಳ ನಡುವೆ ಹತ್ತು ವರ್ಷದವನನ್ನು ಕೂರಿಸಿದ್ದರೆ ಅವನು ವಾರದೊಳಗೆ ಓಡಿಹೋಗುತ್ತಿದ್ದನೋ ಏನೋ. ಅವನ ವಯಸ್ಸಿನವರ ನಡುವೆ ಒಂದು ಜಾಗ ಮಾಡಿಕೊಟ್ಟರು. ನಾಲ್ಕು ವರ್ಷಗಳ ಪಾಠವನ್ನು ಹುಡುಗ ತುಂಬಿಕೊಳ್ಳುತ್ತಾನೆಂಬುದಕ್ಕೆ ಅವರ ಬಳಿ ಸಾಕ್ಷಿಯೇನೂ ಇದ್ದಿರಲಾರದು. ನಂಬಿಕೆ ಮುಂಚೆ ಬಂತು, ಸಾಕ್ಷಿ ಆಮೇಲೆ. ಪ್ರೋತ್ಸಾಹ ಎಂಬುದು ಸಾಧಿಸಿದ ಮೇಲೆ ತೀರಿಸುವ ಬಾಕಿಯಲ್ಲ, ಸಾಧಿಸುವ ಮುಂಚೆಯೇ ಕೊಡಬೇಕಾದ ಕೈಗಡ. ವಾಪಸು ಬಾರದೆಯೂ ಹೋಗಬಹುದಾದ ಕೈಗಡ.

ಇಲ್ಲಿಯೇ ನಾವು ಎಡವುತ್ತೇವೆ. ಈ ಕಥೆಯನ್ನು ಹೇಳುವಾಗ ನಾವೆಲ್ಲ ಕೊನೆಯ ವಾಕ್ಯಕ್ಕೆ, ಎಂದರೆ ಮುಖ್ಯಮಂತ್ರಿ ಎಂಬ ಪದಕ್ಕೆ, ಓಡುತ್ತೇವೆ. ಒಂದು ವೇಳೆ ಆ ಹುಡುಗ ಏಳನೇ ತರಗತಿಗೆ ಶಾಲೆ ಬಿಟ್ಟು ಊರಿನಲ್ಲೇ ಬೇಸಾಯ ಮಾಡಿಕೊಂಡಿದ್ದರೆ? ಮೇಷ್ಟ್ರು ಮಾಡಿದ ಕೆಲಸದ ತೂಕ ಕಡಿಮೆಯಾಗುತ್ತಿತ್ತೆ? ಆಗುತ್ತಿತ್ತು ಎನ್ನುವುದಾದರೆ ನಾವು ದಯೆಗೂ ಅಂಕ ಹಾಕುತ್ತಿದ್ದೇವೆಂದು ಅರ್ಥ. ಇಂದು ಈ ಎರಡು ತಾಲ್ಲೂಕುಗಳ ಯಾವುದೋ ಹಳ್ಳಿಯ ಶಾಲೆಯಲ್ಲಿ ಯಾರೋ ಒಬ್ಬ ಮೇಡಂ ಯಾವುದೋ ಹುಡುಗಿಗೆ ಇಂಥದೇ ಒಂದು ಜಾಗ ಮಾಡಿಕೊಡುತ್ತಿರಬಹುದು. ಆ ಹುಡುಗಿ ಮುಂದೆ ಏನೂ ಆಗದಿರಬಹುದು, ಎಂದರೆ ಪತ್ರಿಕೆಯಲ್ಲಿ ಬರುವಂಥದ್ದೇನೂ ಆಗದಿರಬಹುದು. ತನ್ನ ಮಕ್ಕಳಿಗೆ ಹೆದರಿಕೆಯಿಲ್ಲದೆ ಮಗ್ಗಿ ಹೇಳಿಕೊಡುವ ತಾಯಿಯಾದಾಳು. ಅಷ್ಟು ಸಾಲದೆ?

ಕುರ್‌ಆನಿನ 80ನೇ ಅಧ್ಯಾಯವಾದ 'ಅಬಸ'ದ ಹಿನ್ನೆಲೆಯನ್ನು ಮುಸ್ಲಿಂ ಓದುಗರು ಬಲ್ಲರು. ಇತರ ಓದುಗರಿಗಾಗಿ ಹೇಳುವುದಾದರೆ, ಪ್ರವಾದಿ ಮುಹಮ್ಮದ್(ಸ) ಮಕ್ಕಾದ ಗಣ್ಯರೊಂದಿಗೆ ಗಂಭೀರವಾದ ಮಾತುಕತೆಯಲ್ಲಿದ್ದಾಗ ಅಬ್ದುಲ್ಲಾ ಇಬ್ನು ಉಮ್ಮು ಮಕ್ತೂಮ್ ಎಂಬ ಅಂಧರೊಬ್ಬರು ಕಲಿಯುವ ಆತುರದಿಂದ ನಡುವೆ ಬಂದು ಪ್ರಶ್ನೆ ಕೇಳಿದರು. ಪ್ರವಾದಿಯವರ ಹುಬ್ಬು ಗಂಟಿಕ್ಕಿತು, ಮುಖ ಆ ಕಡೆ ತಿರುಗಿತು. ಅಷ್ಟಕ್ಕೇ ದೇವವಾಣಿಯು ಅವರನ್ನು ಎಚ್ಚರಿಸಿತು. ಬೇಡವೆನ್ನುವವರ ಬೆನ್ನು ಹತ್ತಿ, ಬೇಕೆಂದು ಓಡಿಬಂದವನನ್ನು ಕಡೆಗಣಿಸುವುದು ಸರಿಯಲ್ಲವೆಂಬುದು ಅದರ ಸಾರ. ಗಮನಿಸಬೇಕಾದ ಒಂದು ಸಂಗತಿಯಿದೆ. ಬಂದವರಿಗೆ ಕಣ್ಣು ಕಾಣಿಸದು, ಆ ಹುಬ್ಬಿನ ಗಂಟು ಅವರಿಗೆ ಕಂಡೇ ಇರಲಾರದು. ಅವರಿಗೆ ಕಾಣದ ಅಸಡ್ಡೆಯೂ ಲೆಕ್ಕಕ್ಕೆ ಬಂತು. ಮುಂದೆ ಅವರೇ ಬಿಲಾಲರೊಂದಿಗೆ ಮದೀನಾದ ಮುಅಝ್ಝಿನ್ ಆದರು, ಪ್ರವಾದಿಯವರು ಊರಿಂದ ಹೊರಗೆ ಹೋದಾಗ ಮದೀನಾದ ಉಸ್ತುವಾರಿಯನ್ನೂ ವಹಿಸಿಕೊಂಡರು.

ನಮ್ಮ ತರಗತಿಯ ಮಕ್ಕಳಿಗೆ ಕಣ್ಣು ಕಾಣಿಸುತ್ತದೆ. ಮೇಷ್ಟ್ರ ದೃಷ್ಟಿ ದಿನಕ್ಕೆ ಎಷ್ಟು ಸಲ ಮುಂದಿನ ಬೆಂಚನ್ನು ದಾಟಿ ಹಿಂದಕ್ಕೆ ಬಂತೆಂಬುದನ್ನು ಅವರು ಎಣಿಸುತ್ತಿರುತ್ತಾರೆ. ಹೆಸರು ಹಿಡಿದು ಕರೆಯುವುದು ಯಾರನ್ನು, 'ಏಯ್, ನೀನು' ಎನ್ನುವುದು ಯಾರಿಗೆ? ಇನ್‌ಸ್ಪೆಕ್ಟರು ಬಂದಾಗ ಪದ್ಯ ಹೇಳಲು ಏಳಿಸುವುದು ಯಾರನ್ನು, ಬೆಂಚು ಒರೆಸಲು ಕಳಿಸುವುದು ಯಾರನ್ನು? ಇದಾವುದೂ ಕ್ರೌರ್ಯವೆನಿಸಿಕೊಳ್ಳುವುದಿಲ್ಲ, ಯಾರೂ ದೂರು ಕೊಡುವುದಿಲ್ಲ. ಹೀಗಾಗಿಯೇ ಇದು ಹತ್ತು ವರ್ಷ ಎಡೆಬಿಡದೆ ನಡೆಯುತ್ತದೆ.

ದಯೆಯ ಮಾತೆತ್ತಿದೊಡನೆ ಹಿರಿಯ ಶಿಕ್ಷಕರೊಬ್ಬರಾದರೂ ಎದ್ದು ಕೇಳುವ ಪ್ರಶ್ನೆ ಒಂದಿದೆ. 'ಬೆತ್ತ ಇಲ್ಲದೆ ವಿದ್ಯೆ ಹತ್ತುತ್ತಾ ಸ್ವಾಮಿ? ನಾವೆಲ್ಲ ಏಟು ತಿಂದೇ ಮುಂದೆ ಬಂದವರಲ್ಲವಾ?' ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಎಪ್ರಿಲ್ 1ರಿಂದ ಜಾರಿಗೆ ಬಂತು. ಅದರ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬೆತ್ತ ಬೀರುವಿಗೆ ಹೋಯಿತು. ಆದರೆ ಅದರ ಜಾಗಕ್ಕೆ ಏನು ಬಂತು? ಕೆಲವು ಕಡೆ ಪ್ರೀತಿ ಬಂತು. ಹಲವು ಕಡೆ ಬಂದದ್ದು ಉದಾಸೀನ. 'ಹೊಡೆಯಬೇಡ ಅಂದರಲ್ಲ, ಓದಿದರೆ ಓದಲಿ, ಬಿಟ್ಟರೆ ಬಿಡಲಿ' ಎಂಬ ಕೈ ತೊಳೆದುಕೊಳ್ಳುವ ಮಾತು. ಬೆತ್ತ ಹಿಡಿದ ಮೇಷ್ಟ್ರಿಗೆ ಮಗು ಕಲಿಯಬೇಕೆಂಬ ಹಟವಾದರೂ ಇತ್ತು. ಉದಾಸೀನಕ್ಕೆ ಅದೂ ಇಲ್ಲ. ಏಟು ತಿಂದು ಮುಂದೆ ಬಂದವರ ಮಾತಿಗೆ ಮಾತ್ರ ಒಂದು ಉತ್ತರವಿದೆ. ಏಟು ತಿಂದು ಶಾಲೆ ಬಿಟ್ಟವರು ಇಂಥ ಸಭೆಗಳಿಗೆ ಬಂದು ಮಾತಾಡುವುದಿಲ್ಲ.

ಬೆತ್ತವೂ ಉದಾಸೀನವೂ ಅಲ್ಲದ ಮೂರನೇ ದಾರಿಯನ್ನು ನಮ್ಮ ಜಿಲ್ಲೆಯೇ ಕಂಡುಕೊಂಡಿತ್ತೆಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ನಂಜನಗೂಡಿನ ನೆರೆಯ ಎಚ್.ಡಿ. ಕೋಟೆ ತಾಲ್ಲೂಕಿನ ಸರಕಾರಿ ಶಾಲೆಗಳ ಶಿಕ್ಷಕರು 1995ರಲ್ಲಿ ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿ ಬಂದರು. ಯುನಿಸೆಫ್ ನೆರವಿನಿಂದ ತಾವೇ ಕುಳಿತು ಕಾರ್ಡುಗಳನ್ನು ಬರೆದರು, ಚಿತ್ರ ಬಿಡಿಸಿದರು, ಹಾಡು ಕಟ್ಟಿದರು. ಅದೇ 'ನಲಿ-ಕಲಿ'. ಅದರಲ್ಲಿ ಮಗು ಒಂದು ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಜ್ವರ ಬಂದು, ಇಲ್ಲವೇ ಅಪ್ಪ-ಅಮ್ಮನ ಜೊತೆ ಕೂಲಿಗೆ ವಲಸೆ ಹೋಗಿ ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. 'ಎಲ್ಲರೂ ಎಲ್ಲಿಗೆ ಹೋದರು, ನೀನೆಲ್ಲಿದ್ದೀಯ ನೋಡು' ಎಂಬ ಮಾತಿಗೆ ಅಲ್ಲಿ ಆಸ್ಪದವೇ ಇಲ್ಲ. ಮೇಷ್ಟ್ರು ಕುರ್ಚಿ ಬಿಟ್ಟು ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತಾರೆ. ಒಂದು ಗುಂಪಿಗೆ ಮೇಷ್ಟ್ರ ಸಹಾಯ, ಇನ್ನೊಂದು ಗುಂಪಿಗೆ ಗೆಳೆಯರದೇ ಸಹಾಯ. 2009-10ರ ಹೊತ್ತಿಗೆ ಇದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಒಂದು-ಎರಡನೇ ತರಗತಿಗಳಿಗೆಲ್ಲ ಹರಡಿತು.

ಹರಡಿದ ಮೇಲೆ ಅದು ಎಲ್ಲೆಡೆ ಚೆನ್ನಾಗಿಯೇ ನಡೆಯಿತೆಂದು ನಾನು ಹೇಳಲಾರೆ. ಸುತ್ತೋಲೆಯ ಮೂಲಕ ಬಂದ ನಲಿವು ಎಷ್ಟೋ ಕಡೆ ಕಾರ್ಡು ಎಣಿಸುವ ಕೆಲಸವಾಯಿತು. ಆದರೂ ಆ ಪ್ರಯೋಗ ಒಂದು ವಿಷಯವನ್ನು ತೋರಿಸಿಕೊಟ್ಟಿತು. ದಯೆಯನ್ನು ಮೇಷ್ಟ್ರ ಸ್ವಭಾವಕ್ಕೆ ಬಿಟ್ಟುಬಿಡಬೇಕಿಲ್ಲ, ತರಗತಿಯ ವ್ಯವಸ್ಥೆಯೊಳಗೇ ಅದನ್ನು ಸೇರಿಸಬಹುದು. ಸಿಡುಕು ಸ್ವಭಾವದ ಮೇಷ್ಟ್ರೂ ನೆಲದ ಮೇಲೆ ಕುಳಿತರೆ ಮಗುವಿನ ಕಣ್ಣಿನ ಮಟ್ಟಕ್ಕೆ ಬರಲೇಬೇಕಾಗುತ್ತದೆ.

ಎಲ್ಲ ದಯೆಯೂ ಒಂದೇ ಬಗೆಯದಲ್ಲ. ತಲೆ ತಗ್ಗಿಸುವ ದಯೆಯೂ ಒಂದಿದೆ. 'ಎಸ್ಸಿ ಮಕ್ಕಳೆಲ್ಲ ಎದ್ದು ನಿಲ್ಲಿ, ಮೈನಾರಿಟಿ ಮಕ್ಕಳು ಆ ಕಡೆ ಹೋಗಿ, ಸ್ಕಾಲರ್‌ಶಿಪ್ ಅರ್ಜಿ ಬಂದಿದೆ.' ಹೇಳುವವರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ, ಮಕ್ಕಳಿಗೆ ಹಣ ಸಿಗಲಿ ಎಂದೇ ಹೇಳುವುದು. ಆದರೆ ಐವತ್ತು ಮಕ್ಕಳ ಮುಂದೆ ಎದ್ದು ನಿಂತ ಆ ಅರ್ಧ ನಿಮಿಷದಲ್ಲಿ ಮಗು ತೆರುವ ಬೆಲೆಗೆ ಯಾವ ವಿದ್ಯಾರ್ಥಿವೇತನವೂ ಸಮನಲ್ಲ. ಕೇಂದ್ರ ಸರಕಾರ 2022ರಲ್ಲಿ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು ಒಂಬತ್ತು-ಹತ್ತನೇ ತರಗತಿಗಳಿಗಷ್ಟೇ ಮಿತಿಗೊಳಿಸಿತು. ಸಣ್ಣ ತರಗತಿಗಳಲ್ಲಿ ಆ ಹಣ ಹೋಯಿತು, ಎದ್ದು ನಿಲ್ಲಿಸುವ ಅಭ್ಯಾಸ ಮಾತ್ರ ಬೇರೆ ಬೇರೆ ನೆಪಗಳಲ್ಲಿ ಉಳಿದಿದೆ. ಜೂನ್ ತಿಂಗಳಲ್ಲಿ ನೋಟ್‌ಪುಸ್ತಕ ಹಂಚುವ ದಾನಿಗಳದೂ ಇದೇ ಕಥೆ. ಒಂದು ಪುಸ್ತಕಕ್ಕೆ ಆರು ಕೈಗಳು ಅಂಟಿಕೊಂಡಿರುತ್ತವೆ, ಎಲ್ಲರ ಕಣ್ಣೂ ಕ್ಯಾಮರಾದ ಕಡೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತನ್ನು ಪ್ರವಚನದಲ್ಲಿ ಕೇಳಿ ತಲೆದೂಗಿದ ನಮ್ಮವರೂ ಆ ಫೋಟೋದಲ್ಲಿರುತ್ತಾರೆ.

ಇದರ ಪಕ್ಕದಲ್ಲಿ ಸುತ್ತೂರಿನ ಒಂದು ಸಂಗತಿಯನ್ನು ಇಟ್ಟು ನೋಡಬಹುದು. ನಂಜನಗೂಡನ್ನು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಮುಂಚೆ ಸುತ್ತೂರಿನ ಪಕ್ಕ ಹರಿಯುತ್ತದೆ. ಅಲ್ಲಿಯ ಮಠದ ಶಿವರಾತ್ರಿ ರಾಜೇಂದ್ರ ಸ್ವಾಮೀಜಿ (1916-1986) ಮೈಸೂರಿನಲ್ಲಿ ಹಳ್ಳಿಯ ಬಡ ಹುಡುಗರಿಗಾಗಿ ಉಚಿತ ವಿದ್ಯಾರ್ಥಿನಿಲಯ ನಡೆಸುತ್ತಿದ್ದರು. ಒಮ್ಮೆ ಹುಡುಗರ ಊಟಕ್ಕೆ ದವಸವಿಲ್ಲದಾದಾಗ ಅವರು ಮಠದ ಚಿನ್ನದ ಕರಡಿಗೆಯನ್ನೇ ಕೈಬಿಟ್ಟರೆಂದು ಭಕ್ತರು ಇಂದಿಗೂ ಹೇಳಿಕೊಳ್ಳುತ್ತಾರೆ. ಕೊಡುವವನ ಮೈಮೇಲಿನ ಒಡವೆ ಇಳಿದುಹೋಯಿತು, ಉಣ್ಣುವ ಹುಡುಗನ ಮಾನಕ್ಕೆ ಏನೂ ಆಗಲಿಲ್ಲ. ನಮ್ಮ ಫೋಟೋಗಳಲ್ಲಿ ಇದು ತಿರುಗುಮುರುಗಾಗಿದೆ.

ಇಷ್ಟು ಹೊತ್ತು ದೊಡ್ಡವರು ಮಕ್ಕಳಿಗೆ ತೋರುವ ದಯೆಯ ಮಾತಾಯಿತು. ಮಕ್ಕಳು ಮಕ್ಕಳಿಗೆ? ಅವರು ಬೇಗ ಜಗಳವಾಡುತ್ತಾರೆ, ಬೇಗ ಮರೆಯುತ್ತಾರೆ. ಮರೆಯದಂಥ ದ್ವೇಷವನ್ನು ಅವರಿಗೆ ಕಲಿಸುವವರು ನಾವು. ನಂಜನಗೂಡು ತಾಲ್ಲೂಕಿನ ಬದನವಾಳು ಗಾಂಧೀಜಿ ಬಂದುಹೋದ ಖಾದಿ ಕೇಂದ್ರದ ಊರು. 1993ರಲ್ಲಿ ದೇವಾಲಯ ಪ್ರವೇಶದ ಕಲಹದ ಹಿನ್ನೆಲೆಯಲ್ಲಿ ಅಲ್ಲಿ ಮೂವರು ದಲಿತರ ಕೊಲೆಯಾಯಿತು. ಎರಡು ಕೇರಿಗಳ ನಡುವಿನ ದಾರಿಯೊಂದು ಬಳಕೆ ತಪ್ಪಿ, 2022ರ ಅಕ್ಟೋಬರ್‌ನಲ್ಲಿ ಮತ್ತೆ ತೆರೆಯುವ ಹೊತ್ತಿಗೆ ಇಪ್ಪತ್ತೊಂಬತ್ತು ವರ್ಷ ಕಳೆದಿತ್ತು. ಆ ಅವಧಿಯಲ್ಲಿ ಹುಟ್ಟಿ, ಶಾಲೆ ಓದಿ, ಮದುವೆಯಾದ ಒಂದು ಪೀಳಿಗೆಯೇ ಇದೆ. 2025ರ ಜೂನ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಸರಕಾರಿ ಶಾಲೆ ಸುದ್ದಿಯಾಯಿತು. ದಲಿತ ಮಹಿಳೆ ಬಿಸಿಯೂಟದ ಅಡುಗೆ ಮಾಡುತ್ತಾರೆಂಬ ಕಾರಣಕ್ಕೆ ಪೋಷಕರು ಮಕ್ಕಳನ್ನು ಬಿಡಿಸಿಕೊಂಡರೆಂದು ಪತ್ರಿಕೆಗಳು ವರದಿ ಮಾಡಿದವು. ಕಲಿಕೆಯ ಗುಣಮಟ್ಟವೇ ಕಾರಣವೆಂಬ ವಾದವೂ ಬಂತು. ಕಾರಣ ಯಾವುದೇ ಇರಲಿ, ತಟ್ಟೆ ಹಿಡಿದು ಆ ಅಕ್ಕನ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ಮಾಯವಾದಾಗ ಉಳಿದ ಮಗು ಏನೆಂದುಕೊಂಡಿರಬೇಕು? 2002ರಲ್ಲಿ ಈಶಾನ್ಯ ಕರ್ನಾಟಕದಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದ ಅಕ್ಷರ ದಾಸೋಹ ಹೊಟ್ಟೆಗೆ ಅನ್ನ ಕೊಟ್ಟಿತು. ಅದರ ಜೊತೆಗೆ ಎಷ್ಟೋ ಹಳ್ಳಿಗಳಲ್ಲಿ ಎಲ್ಲ ಕೇರಿಗಳ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಏಕೈಕ ಜಾಗವನ್ನೂ ಕೊಟ್ಟಿತು. ಆ ಸಾಲನ್ನು ಕಾಯುವುದು ಶಾಲೆಯ ಮೊದಲ ಪಾಠವೆಂದು ನಾನು ತಿಳಿದಿದ್ದೇನೆ, ಗಣಿತ ಆಮೇಲೆ.

ದೂರವಿಡಲ್ಪಡುವುದು ಹೇಗಿರುತ್ತದೆಂಬುದನ್ನು ನಂಜನಗೂಡು ಪಟ್ಟಣ ಇಡಿಯಾಗಿ ಒಮ್ಮೆ ಅನುಭವಿಸಿತು. 2020ರ ಮಾರ್ಚ್ ಕೊನೆಯಲ್ಲಿ ಇಲ್ಲಿಯ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೋನಾ ಕಾಣಿಸಿಕೊಂಡು, ನಂಟಿನ ಪ್ರಕರಣಗಳು ಎಪ್ಪತ್ತನ್ನು ದಾಟಿದಾಗ, 'ನಂಜನಗೂಡಿನವರು' ಎಂದರೆ ಸಾಕು, ಜನ ಹಿಂದೆ ಸರಿಯುತ್ತಿದ್ದರು. ಅದೇ ದಿನಗಳಲ್ಲಿ ದಿಲ್ಲಿಯ ಒಂದು ಸಮಾವೇಶದ ನೆಪದಲ್ಲಿ ದೇಶದ ಮುಸ್ಲಿಮರೆಲ್ಲ ಅನುಮಾನದ ಕಣ್ಣಿಗೆ ಗುರಿಯಾದರು. ಯಾವ ತಪ್ಪೂ ಮಾಡದೆ ಹೆಸರಿನಿಂದಲೇ ಹೊರಗುಳಿಯುವ ಕಷ್ಟ ಕೆಲವು ವಾರ ನಮಗೆಲ್ಲ ತಿಳಿಯಿತು. ಶಾಲೆಯಲ್ಲಿ 'ಅವನ ಪಕ್ಕ ಕೂರಬೇಡ' ಎನಿಸಿಕೊಂಡ ಮಗುವಿಗೆ ಅದು ವರ್ಷವಿಡೀ ಇರುತ್ತದೆ.

ಶಿಕ್ಷಕರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರಿಗೆ ಶಾಬಾಸ್ ಹೇಳುವವರು ಯಾರು? ಬೆಳಿಗ್ಗೆ ಹಾಜರಾತಿ, ಆಮೇಲೆ ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಬಿಸಿಯೂಟದ ವರದಿ, ಮಕ್ಕಳ ವಿವರವನ್ನು ಕಂಪ್ಯೂಟರಿಗೆ ತುಂಬುವುದು, ನಡುವೆ ಚುನಾವಣೆ, ಗಣತಿ, ಸಮೀಕ್ಷೆ. ಮೇಲಧಿಕಾರಿಯ ಸಭೆಗೆ ಹೋದರೆ ಎಲ್ಲರ ಮುಂದೆ ನಿಲ್ಲಿಸಿ ಫಲಿತಾಂಶದ ಶೇಕಡಾ ಕೇಳುತ್ತಾರೆ. ಅಲ್ಲಿ ಬೈಸಿಕೊಂಡು ಬಂದ ಮುಖ್ಯೋಪಾಧ್ಯಾಯರು ಸಹಶಿಕ್ಷಕರ ಮೇಲೆ, ಅವರು ಮಕ್ಕಳ ಮೇಲೆ, ಮಕ್ಕಳು ತಮಗಿಂತ ಸಣ್ಣವರ ಮೇಲೆ ಅದನ್ನು ದಾಟಿಸುತ್ತ ಹೋಗುತ್ತಾರೆ. ಗದರಿಕೆ ಹೀಗೆ ಮೇಲಿನಿಂದ ಕೆಳಗೆ ನೀರಿನಂತೆ ತಾನಾಗಿಯೇ ಇಳಿಯುತ್ತದೆ. ದಯೆಯನ್ನು ಮಾತ್ರ ಯಾರಾದರೂ ನಿಂತು ಹರಿಸಬೇಕು. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕಾಂಪೌಂಡು, ಶೌಚಾಲಯದ ಚರ್ಚೆ ಮುಗಿದ ಮೇಲೆ ಪೋಷಕರೊಬ್ಬರು ಎದ್ದು 'ಮೇಡಂ, ನಮ್ಮ ಹುಡುಗ ಮನೇಲಿ ನಿಮ್ಮ ವಿಷಯನೇ ಮಾತಾಡ್ತಾನೆ' ಎಂದರೆ ಸಮಿತಿಗೆ ಖರ್ಚೇನೂ ಬರುವುದಿಲ್ಲ.

ಅದೇ ಕೊರೋನಾ ವರ್ಷದ ಆಗಸ್ಟ್‌ನಲ್ಲಿ ರಾಜ್ಯದಲ್ಲಿ 'ವಿದ್ಯಾಗಮ' ಆರಂಭವಾಯಿತು. ಶಾಲೆಗಳು ಮುಚ್ಚಿದ್ದರಿಂದ ಶಿಕ್ಷಕರೇ ಊರೊಳಗೆ ಹೋಗಿ ಮರದಡಿ, ದೇವಸ್ಥಾನದ ಜಗುಲಿ, ಸಮುದಾಯ ಭವನಗಳಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು, 2021ರ ಜನವರಿಯಲ್ಲಿ ಬೇರೆ ರೂಪದಲ್ಲಿ ಮತ್ತೆ ಆರಂಭಿಸಲಾಯಿತು. ಅದರ ಕುಂದುಕೊರತೆ ಏನೇ ಇರಲಿ, ವರ್ಷಗಟ್ಟಲೆ ಪಾಠ ಹೇಳಿದ ಮಕ್ಕಳ ಮನೆಗಳನ್ನು ಎಷ್ಟೋ ಶಿಕ್ಷಕರು ಕಂಡದ್ದು ಆಗಲೇ.

ಟಿ. ನರಸೀಪುರದ ಕಡೆಯ ಹಳ್ಳಿಯೊಂದರ ಶಿಕ್ಷಕಿಯೊಬ್ಬರು ಆ ದಿನಗಳ ಬಗ್ಗೆ ಹೇಳಿದ್ದು ನೆನಪಿದೆ. ಅವರ ತರಗತಿಯಲ್ಲಿ ಹೋಂವರ್ಕ್ ತಾರದ ಹುಡುಗನೊಬ್ಬನಿದ್ದ. ದಿನವೂ ಹೊರಗೆ ನಿಲ್ಲಿಸುತ್ತಿದ್ದರಂತೆ. ವಿದ್ಯಾಗಮಕ್ಕೆಂದು ಅವನ ಮನೆಗೆ ಹೋದರೆ, ಒಂದೇ ಕೋಣೆ, ಏಳು ಜನ, ಒಂದು ಬಲ್ಬು. ಮೂಲೆಯಲ್ಲಿ ಬೋರಲು ಹಾಕಿದ ಮಂಕರಿಯ ಮೇಲೆ ಪುಸ್ತಕವಿಟ್ಟುಕೊಂಡು ಅವನು ಬರೆಯಲು ನೋಡುತ್ತಿದ್ದ, ಮಂಕರಿ ಅಲುಗಾಡುತ್ತಿತ್ತು. 'ಅವತ್ತಿಂದ ಹೋಂವರ್ಕ್ ಯಾಕೆ ಮಾಡಿಲ್ಲ ಅಂತ ಕೇಳೋದು ಬಿಟ್ಟೆ. ಎಲ್ಲಿ ಕೂತು ಬರೀತೀಯಪ್ಪ ಅಂತ ಕೇಳ್ತೀನಿ' ಎಂದರು. ಶಾಲೆ ಮತ್ತೆ ತೆರೆದ ಮೇಲೆ ಸಂಜೆ ಗಂಟೆ ಹೊಡೆದ ನಂತರ ಅರ್ಧ ಗಂಟೆ ಜಗುಲಿಯಲ್ಲಿ ಕೂರುವವರು ಕೂರಬಹುದೆಂದು ಮಾಡಿದ್ದಾರೆ. ಹತ್ತು ಹನ್ನೆರಡು ಮಕ್ಕಳು ಉಳಿಯುತ್ತಾರಂತೆ. ಏಳನೇ ತರಗತಿಯ ಹುಡುಗಿಯೊಬ್ಬಳು ಚಿಕ್ಕವರ ಕಾಗುಣಿತ ನೋಡಿಕೊಡುತ್ತಾಳೆ. ತಪ್ಪಿದ್ದಲ್ಲಿ ಕೆಂಪು ಗೀಟು ಹಾಕಬೇಡ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ತೋರಿಸು ಎಂದು ಮೇಡಂ ಅವಳಿಗೆ ಹೇಳಿಕೊಟ್ಟಿದ್ದಾರೆ.